ಹಳೆಯ ಆಟ ತೆರೆಯದಿದ್ದರೆ ಮೊದಲ ಕೆಂಪು ಸಾಲನ್ನು ಓದಿ

ಹಿಂದಿನ ವಾರ ಮೊಮ್ಮಗ ಬ್ರೌಸರಿನಲ್ಲಿ ವಿಂಡೋಸ್‌ಗೂ ಮುಂಚಿನ ಡಾಸ್ ಎಂಬ ವ್ಯವಸ್ಥೆಗೆ ಬರೆದ ಹಳೆಯ ಆಟವೊಂದನ್ನು ತೆರೆಯಲು ಕುಳಿತಿದ್ದ. ಪರದೆಯ ಮೇಲೆ ಒಂದು ಕಪ್ಪು ಚೌಕ, ಅದರ ನಡುವೆ ಸುತ್ತುತ್ತಲೇ ಇರುವ ಚಕ್ರ. ಅವನು ಮಾಡಿದ್ದೇನು? ರಿಫ್ರೆಶ್, ಮತ್ತೆ ರಿಫ್ರೆಶ್, ಮತ್ತೂ ರಿಫ್ರೆಶ್. ಕೊನೆಗೆ ತಾಳ್ಮೆಗೆಟ್ಟು ಸೆಟ್ಟಿಂಗ್ಸ್‌ಗೆ ಹೋಗಿ ಬ್ರೌಸರಿನಲ್ಲಿದ್ದ ಮಾಹಿತಿಯನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟ. ಆಟ ಆಗಲೂ ತೆರೆಯಲಿಲ್ಲ. ಅವನ ತಂಗಿ ತಿಂಗಳುಗಟ್ಟಲೆ ಆಡಿ ಬೇರೆ ಮೂರು ಆಟಗಳಲ್ಲಿ ಉಳಿಸಿಟ್ಟಿದ್ದ ಹಂತಗಳು ಮಾತ್ರ ಹೋದವು. ಆ ಹುಡುಗಿ ಅತ್ತದ್ದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಇಂಥ ಆಟಗಳಲ್ಲಿ ಹೆಚ್ಚಿನವು ನೀವು ಉಳಿಸಿದ್ದನ್ನು ಎಲ್ಲೋ ದೂರದ ಸರ್ವರಿನಲ್ಲಿ ಇಡುವುದಿಲ್ಲ. ನಿಮ್ಮದೇ ಬ್ರೌಸರಿನ ಇಂಡೆಕ್ಸ್ಡ್‌ಡಿಬಿಯಂಥ ಉಗ್ರಾಣದಲ್ಲಿ ಇಡುತ್ತವೆ. ಕುಕಿ ಮತ್ತು ಸೈಟ್ ಮಾಹಿತಿಯನ್ನು ಗುಡಿಸಿ ಹಾಕಿದರೆ ಅದೂ ಕಸದ ಜೊತೆಗೆ ಹೋಗುತ್ತದೆ. ಆದ್ದರಿಂದ ಅಳಿಸುವುದು ಮೊದಲ ಕೆಲಸವಲ್ಲ, ಕಟ್ಟಕಡೆಯದು. ಅದೂ ಆ ಒಂದು ಸೈಟಿನದು ಮಾತ್ರ. ಆಟದಲ್ಲಿ ಉಳಿಸಿದ್ದನ್ನು ಫೈಲಾಗಿ ಇಳಿಸಿಕೊಳ್ಳುವ ಸೌಲಭ್ಯವಿದ್ದರೆ ಮೊದಲು ಅದನ್ನು ಇಳಿಸಿಕೊಂಡು, ಆಮೇಲೆ ಅಳಿಸುವ ಮಾತು.

ಶುರುವಿಗೆ, ಆಟ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಒಂದು ಕಾಲದಲ್ಲಿ ಬ್ರೌಸರಿನಲ್ಲಿ ಆಟ ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರದ ಆಟವಾದರೆ ರಿಫ್ರೆಶ್ ಒತ್ತಿ ಬೆರಳು ಸವೆಸಬೇಡಿ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರಿನೊಳಗೇ ಆಟಗಳಿಗೆ ತಡೆ ಬಿತ್ತು. ರಫಲ್ ಎಂಬ ಎಮ್ಯುಲೇಟರ್, ಅಂದರೆ ಹಳೆಯ ಪ್ಲೇಯರಿನಂತೆಯೇ ನಟಿಸುವ ತಂತ್ರಾಂಶ, ಜೋಡಿಸಿದ ಪ್ರತಿಯನ್ನು ಹುಡುಕಿ. ಫ್ಲ್ಯಾಶ್ ಆಟ ಬರೆಯುವ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನ ಮೊದಲ ಎರಡು ಆವೃತ್ತಿಗಳಲ್ಲಿ ಬರೆದ ಆಟಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತವೆ, ಮೂರನೆಯದರಲ್ಲಿ ಬರೆದವು ಕೆಲವೊಮ್ಮೆ ಎಡವುತ್ತವೆ. "ಫ್ಲ್ಯಾಶ್ ಪ್ಲೇಯರ್ ಇಳಿಸಿಕೊಳ್ಳಿ" ಎಂದು ಕಣ್ಣು ಮಿಟುಕಿಸುವ ಗುಂಡಿಯನ್ನು ಮಾತ್ರ ಈಗ ಎಲ್ಲಿ ಕಂಡರೂ ಮುಟ್ಟಬೇಡಿ, ಅದರ ಹಿಂದೆ ವೈರಸ್ ಕಾದಿರುತ್ತದೆ. ಜಾವಾ ಭಾಷೆಯಲ್ಲಿ ಬರೆದು ಪುಟದೊಳಗೇ ಓಡುತ್ತಿದ್ದ ಆ್ಯಪ್ಲೆಟ್ ಆಟಗಳದೂ ಇದೇ ಪಾಡು. ಅವಕ್ಕೆ ಬೇಕಾದ ಪ್ಲಗಿನ್ (ಬ್ರೌಸರಿಗೆ ಹೊರಗಿನಿಂದ ಸೇರಿಸುವ ತುಂಡು) ಬೆಂಬಲವನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕಿತ್ತುಹಾಕಿದವು.

ಡಾಸ್ ಆಟಗಳ ಸಂಗತಿ ಬೇರೆ. ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರನ್ನು ಬ್ರೌಸರಿಗೆ ಹೊಂದುವಂತೆ ಮಾಡಿ, ಹಳೆಯ ಡಿಜಿಟಲ್ ಸಾಮಗ್ರಿಯನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಎಂಬ ತಾಣ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಟಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಇವು ತೆರೆಯದಿದ್ದರೆ ಕಾರಣ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಹುಡುಕುವುದು ಹೇಗೆ ಎಂದರೆ ಹೀಗೆ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಆಟದ ಪುಟವನ್ನು ತೆರೆದು, ಬೇರೇನನ್ನೂ ಮುಟ್ಟದೆ, ಎಫ್ 12 ಕೀಲಿ ಒತ್ತಿ. ಕೆಳಗೋ ಪಕ್ಕಕ್ಕೋ ಒಂದು ಫಲಕ ತೆರೆದುಕೊಳ್ಳುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ, 'ಡಿಸೇಬಲ್ ಕ್ಯಾಶ್' ಎಂಬ ಚೌಕಕ್ಕೆ ಗುರುತು ಹಾಕಿ. ಫಲಕ ತೆರೆದಿರುವಷ್ಟು ಹೊತ್ತು ಬ್ರೌಸರ್ ತಾನು ಕೂಡಿಟ್ಟ ಹಳೆಯ ಫೈಲುಗಳನ್ನು ಬಳಸದೆ ಎಲ್ಲವನ್ನೂ ಹೊಸದಾಗಿ ತರುತ್ತದೆ. ಉಳಿಸಿದ ಹಂತಗಳಿಗೆ ಇದರಿಂದ ಕೂದಲಷ್ಟೂ ಧಕ್ಕೆ ಇಲ್ಲ. ಈಗ, ಫಲಕವನ್ನು ಮುಚ್ಚದೆ, ಒಂದೇ ಒಂದು ಸಲ ರಿಫ್ರೆಶ್ ಒತ್ತಿ ಕೈ ತೆಗೆಯಿರಿ. ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ ಎಂದೇ ನಾನು ಮೊಮ್ಮಕ್ಕಳಿಗೆ ಹೇಳುವುದು. ಸಾಲು ಸಾಲಾಗಿ ಫೈಲುಗಳ ಹೆಸರು ಇಳಿಯುತ್ತವೆ. ಚಿಕ್ಕವು ಸರಸರನೆ ಬಂದುಬಿಡುತ್ತವೆ. ಎಮ್ಯುಲೇಟರಿನ ಫೈಲು, ಆಟದ ಮೂಟೆ ಇವು ಭಾರದವು, ನಿಧಾನವಾಗಿ ಬರುತ್ತವೆ. ಸಾಲು ಇಳಿಯುವುದು ನಿಂತ ಮೇಲೂ ನಾಲ್ಕು ಉಸಿರಿನಷ್ಟು ಹೊತ್ತು ಕಾಯಿರಿ.

ಆಮೇಲೆ ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ, ಮೊದಲ ಕೆಂಪು ಸಾಲನ್ನು ಹಿಡಿಯಿರಿ. ಕೊನೆಯದನ್ನಲ್ಲ, ಮೊದಲನೆಯದನ್ನು! ಎಲ್ಲರೂ ತಪ್ಪುವುದು ಇಲ್ಲೇ. ಒಂದು ಫೈಲು ಬಾರದೆ ಹೋದರೆ ಅದನ್ನು ನೆಚ್ಚಿಕೊಂಡ ಹತ್ತು ಫೈಲುಗಳು ಅದರ ಹಿಂದೆಯೇ ಮುಗ್ಗರಿಸುತ್ತವೆ, ಕೆಳಗೆ ಕಾಣುವ ಕೆಂಪೆಲ್ಲ ಆ ಮೊದಲನೆಯದರ ಸಂತಾನ. ಆ ಸಾಲಿನಲ್ಲಿ 404 ಎಂದಿದ್ದರೆ ಫೈಲು ಆ ಜಾಗದಲ್ಲಿ ಇಲ್ಲ, ನಿಮ್ಮ ಕಡೆಯಿಂದ ಮಾಡಬೇಕಾದದ್ದೂ ಏನೂ ಇಲ್ಲ, ಬೇರೆ ಪ್ರತಿ ಹುಡುಕಿ. 'ಬ್ಲಾಕ್ಡ್' ಎಂದಿದ್ದರೆ ಬಹಳ ಸಲ ನೀವೇ ಬ್ರೌಸರಿಗೆ ಸೇರಿಸಿಕೊಂಡ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಾಗಿಲಲ್ಲಿ ಅಡ್ಡ ನಿಂತಿರುತ್ತದೆ. 'ಮಿಕ್ಸ್ಡ್ ಕಂಟೆಂಟ್' ಎಂದರೆ ಪುಟ ಸುರಕ್ಷಿತ ವಿಳಾಸದಿಂದ ಬಂದಿದೆ, ಆಟದ ಫೈಲು ಹಳೆಯ ಅಸುರಕ್ಷಿತ ವಿಳಾಸದಿಂದ ಬರಲು ನೋಡುತ್ತಿದೆ. ಬ್ರೌಸರ್ ಅದನ್ನು ಒಳಗೆ ಬಿಡುವುದಿಲ್ಲ. ಒಂದೂ ಕೆಂಪು ಇಲ್ಲವೇ? ಹಾಗಾದರೆ ಪಕ್ಕದ ಕನ್ಸೋಲ್ ವಿಭಾಗಕ್ಕೆ ಹೋಗಿ ಅಲ್ಲಿಯೂ ಮೊದಲ ಕೆಂಪನ್ನೇ ಓದಿ, ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ವೆಬ್‌ಜಿಎಲ್ (ಬ್ರೌಸರಿನಲ್ಲಿ ಚಿತ್ರ ಬಿಡಿಸುವ ತಂತ್ರ) ಎಂಬ ಹೆಸರು ಕಂಡರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಷನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಸೌಲಭ್ಯ) ಆಫ್ ಆಗಿದೆಯೇ ಎಂದು ನೋಡಿ.

ಚೀಟಿಯಲ್ಲಿ ಬರೆಯುವುದು ನನ್ನ ಹಳೆಯ ಅಭ್ಯಾಸ. ನಾನು ಕೆಲಸಕ್ಕೆ ಸೇರಿದ ಕಾಲದ ಕಂಪ್ಯೂಟರಿನಲ್ಲಿ ಫ್ಲಾಪಿ ಕೆಟ್ಟಾಗ 'ಅಬಾರ್ಟ್, ರೀಟ್ರೈ, ಫೇಲ್' ಎಂದು ಕೇಳುತ್ತಿತ್ತು. ನಾನು ಗಾಬರಿಯಲ್ಲಿ ರೀಟ್ರೈ ಒತ್ತುತ್ತಲೇ ಹೋದೆ. ಡ್ರೈವು ಕರಕರ ಸದ್ದು ಮಾಡುತ್ತಿತ್ತು. ನಮ್ಮ ಹಿರಿಯ ಆಪರೇಟರಮ್ಮ ಹಿಂದೆ ಬಂದು ನಿಂತವರು, "ಮೇಲಿನ ಸಾಲನ್ನು ಓದಿದೆಯೇನೇ?" ಎಂದು ಕೇಳಿದರು. ಓದಿರಲಿಲ್ಲ. ಫ್ಲಾಪಿ ಡ್ರೈವಿನ ಚಿಲಕವನ್ನೇ ನಾನು ಹಾಕಿರಲಿಲ್ಲ. ಅಂದಿನಿಂದ ಪರದೆ ಏನು ಹೇಳಿದರೂ ಮೊದಲು ಓದುತ್ತೇನೆ.

  

ಎಕ್ಸ್‌ಟೆನ್ಷನ್ ಮೇಲೆ ಅನುಮಾನವಿದ್ದರೆ ಅದೇ ಪುಟವನ್ನು ಇನ್‌ಕಾಗ್ನಿಟೋ, ಅಂದರೆ ಗುರುತು ಉಳಿಸದ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಅಲ್ಲಿ ಆಟ ತೆರೆಯಿತೇ, ಕಳ್ಳ ಸಿಕ್ಕಿದ ಹಾಗೆ. ಆದರೆ ಅಲ್ಲಿಯೇ ಕುಳಿತು ಆಡಬೇಡಿ, ಕಿಟಕಿ ಮುಚ್ಚಿದರೆ ಉಳಿಸಿದ್ದೆಲ್ಲ ಹೋಗುತ್ತದೆ. ಹೊರಗೆ ಬಂದು ಆ ಸೈಟಿಗೆ ಮಾತ್ರ ಎಕ್ಸ್‌ಟೆನ್ಷನ್ ಆಫ್ ಮಾಡಿ.

ಆಟವನ್ನು ಇಳಿಸಿಕೊಂಡು, ಫೋಲ್ಡರಿನಲ್ಲಿರುವ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ "ತೆರೆಯುತ್ತಿಲ್ಲ ಅಜ್ಜಿ" ಎನ್ನುವವರೂ ಇದ್ದಾರೆ. ಹಾಗೆ ತೆರೆದ ಪುಟಕ್ಕೆ ಪಕ್ಕದ ಫೈಲುಗಳನ್ನು ಓದಲು ಬ್ರೌಸರ್ ಸಾಮಾನ್ಯವಾಗಿ ಬಿಡುವುದಿಲ್ಲ. ಕಂಪ್ಯೂಟರಿನಲ್ಲೇ ಒಂದು ಪುಟ್ಟ ಸರ್ವರ್ (ಫೈಲುಗಳನ್ನು ಬ್ರೌಸರಿಗೆ ಒದಗಿಸುವ ತಂತ್ರಾಂಶ) ನಡೆಸಿ ಅದರ ಮೂಲಕ ತೆರೆಯಬೇಕು.

ಬಹಳ ದಿನ ಮೂಲೆಯಲ್ಲಿದ್ದ ಕಂಪ್ಯೂಟರಾದರೆ ಗಡಿಯಾರವನ್ನೂ ನೋಡಿ. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಸೈಟಿನ ಭದ್ರತಾ ಪ್ರಮಾಣಪತ್ರ ಬ್ರೌಸರಿಗೆ ಸುಳ್ಳಾಗಿ ಕಾಣುತ್ತದೆ.

ಆಟ ತೆರೆದು ಸದ್ದಿಲ್ಲದಿದ್ದರೆ ಸ್ಪೀಕರನ್ನು ಬೈಯಬೇಡಿ. ನೀವು ಪುಟವನ್ನು ಮುಟ್ಟುವ ತನಕ ಸದ್ದು ಹೊರಡಿಸಲು ಇಂದಿನ ಬ್ರೌಸರುಗಳು ಬಿಡುವುದಿಲ್ಲ. ಆಟದ ಚೌಕದ ನಡುವೆ ಒಮ್ಮೆ ಕ್ಲಿಕ್ ಮಾಡಿ. ಬಾಣದ ಕೀಲಿಗಳು ಆಟಕ್ಕೆ ತಲುಪುವುದೂ ಆ ಕ್ಲಿಕ್ಕಿನ ನಂತರವೇ. ಕಂಟ್ರೋಲ್ ಕೀಲಿಯಿಂದ ಗುಂಡು ಹಾರಿಸುವ ಆಟವಾದರೆ ಬೆರಳು ಡಬ್ಲ್ಯೂ ಕಡೆಗೆ ಸರಿಯದಿರಲಿ, ಎರಡೂ ಒಟ್ಟಿಗೆ ಬಿದ್ದರೆ ಟ್ಯಾಬೇ ಮುಚ್ಚಿಹೋಗುತ್ತದೆ. ಮೊಮ್ಮಗ ನಿನ್ನೆ ಆರನೆಯ ಹಂತದಲ್ಲಿ ಹಾಗೆಯೇ ಮುಚ್ಚಿಕೊಂಡ. ಈ ಸಲ ಅವನೇ ಎಫ್ 12 ಒತ್ತಿ ಕೈ ಮಡಿಲಲ್ಲಿಟ್ಟುಕೊಂಡು ಕುಳಿತ. ಮತ್ತೆ ತೆರೆಯುವುದಷ್ಟೇ ಸಾಕು ಕಂದಾ, ಇದಕ್ಕೆ ಅದು ಬೇಡ ಎಂದು ನಾನೇ ಹೇಳಬೇಕಾಯಿತು.