ಎಣ್ಣೆಯ ಹೆಸರು ಆಮೇಲೆ, ಮೊದಲು ಕೂದಲು ಒಣಗಿಸಿ

ಮೂಡಿಗೆರೆಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್ ಹೊತ್ತಿಗೆ. ಆ ದಿನಗಳಲ್ಲಿ ನನ್ನ ಪಾರ್ಲರ್‌ಗೆ ಬರುವವರದ್ದೆಲ್ಲ ಒಂದೇ ದೂರು: "ಅಕ್ಕಾ, ಕೂದಲು ಕೈಗೇ ಬರ್ತಿದೆ, ಯಾವ ಎಣ್ಣೆ ಹಚ್ಚಲಿ?" ನಾನು ಮೊದಲು ಜಡೆ ಬಿಚ್ಚಿ ಬುಡಕ್ಕೆ ಬೆರಳು ಹಾಕಿ ನೋಡುತ್ತೇನೆ. ಮಧ್ಯಾಹ್ನ ಮೂರು ಗಂಟೆಯಾದರೂ ಒಳಗೆಲ್ಲ ತಣ್ಣಗೆ, ಒದ್ದೆ. ಬೆಳಿಗ್ಗೆ ಆರಕ್ಕೆ ತಲೆಗೆ ನೀರು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹಾಗೇ ಹೆಣೆದು ಬಂದಿರುತ್ತಾರೆ.

ನಮ್ಮ ಕಡೆ ಕೂದಲು ತುಂಡಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. ಒದ್ದೆ ಕೂದಲಿಗೆ ಗಟ್ಟಿತನ ಕಡಿಮೆ. ಉದುರಿದ ಒಂದು ಕೂದಲನ್ನು ನೀರಲ್ಲಿ ನೆನೆಸಿ, ಎರಡೂ ಕೈಯಲ್ಲಿ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಆಮೇಲೆ ಪಟ್ ಅಂತ ಕಡಿಯುತ್ತದೆ. ಬಾಚಣಿಗೆ ಹಾಕಿ ಜಗ್ಗಿದಾಗ ತಲೆಯ ಮೇಲೆ ಆಗುವುದೂ ಅದೇ. ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಒಮ್ಮೆ ಸೀಳಿದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರ್ ಚಿಲ್ಲರೆ. ಲೆಕ್ಕ ಹಾಕಿ, ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸು. ಅದನ್ನು ಮೆಲ್ಲಗೆ ಮುಟ್ಟಬೇಕು, ಅಲ್ವಾ?

ಹಾಗಾಗಿ ಮಳೆಗಾಲದಲ್ಲಿ ಬೆಳಗಿನ ತಲೆಸ್ನಾನ ಬೇಡ. ರಜೆ ದಿನ ಹನ್ನೊಂದು ಗಂಟೆಗೆ ಮಾಡಿ. ಇಲ್ಲ, ಕೆಲಸದಿಂದ ಬಂದ ಕೂಡಲೇ ಮಾಡಿ, ಮಲಗುವುದರೊಳಗೆ ಒಣಗಲು ಮೂರ್ನಾಲ್ಕು ಗಂಟೆ ಸಿಗಲಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಹಂಡೆಯ ಸುಡುನೀರು ಬೆನ್ನಿಗೆ ಹಿತ, ತಲೆಗಲ್ಲ. ಶಾಂಪೂ ಆಗಲಿ ಸೀಗೆಪುಡಿ ಆಗಲಿ, ತಿಕ್ಕುವುದು ಬುಡಕ್ಕೆ ಮಾತ್ರ. ಉದ್ದಕ್ಕೆ ಇಳಿದುಬರುವ ನೊರೆಯೇ ತುದಿಗೆ ಸಾಕು. ಕಂಡೀಷನರ್ ಇದಕ್ಕೆ ಉಲ್ಟಾ, ಬುಡ ಬಿಟ್ಟು ಕೆಳಗಿನ ಅರ್ಧಕ್ಕೆ. ಹಿತ್ತಲಲ್ಲಿ ದಾಸವಾಳ ಇದ್ದರೆ ಎಲೆ ಕಿವುಚಿ ತೆಗೆದ ಲೋಳೆಯೂ ನಡೆಯುತ್ತದೆ, ಸಿಕ್ಕು ಸಲೀಸಾಗಿ ಬಿಡುತ್ತದೆ. ಸೋಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಒದ್ದೆ ಕೂದಲನ್ನು ಟವೆಲ್‌ನಲ್ಲಿ ಸುತ್ತಿ ಗಂಟು ಹಾಕಿ ಅಡುಗೆಗೆ ನಿಲ್ಲಬೇಡಿ. ಹಳೇ ಕಾಟನ್ ಪಂಚೆ ತಗೊಂಡು ಹಿಡಿ ಹಿಡಿಯಾಗಿ ಒತ್ತಿ. ಉಜ್ಜುವುದು, ಪಂಚೆಯಿಂದ ಬಡಿದು ನೀರು ಕೊಡವುವುದು ಎರಡೂ ಬೇಡ. ಬುಡವನ್ನು ಬೆರಳಿನಿಂದ ಬಿಡಿಸಿಕೊಂಡು ಫ್ಯಾನಿನ ಕೆಳಗೆ ಕೂರಿ. ಡ್ರೈಯರ್ ಇದ್ದರೆ ಒಂದು ಗೇಣು ದೂರದಿಂದ, ಕಡಿಮೆ ಬಿಸಿಯಲ್ಲಿ. ಬಚ್ಚಲೊಲೆ ಮುಂದೆ ಕೂದಲು ಹರಡಿಕೊಂಡು ಕೂರುವವರಿದ್ದಾರೆ. ಕಿಡಿ ಹಾರುವ ಭಯ ಒಂದು ಕಡೆ, ಬಿಸಿಗೆ ತುದಿ ಒರಟಾಗುವುದು ಇನ್ನೊಂದು ಕಡೆ. ಬೇಡ.

ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ. ಸಿಕ್ಕಿಗಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಕೈಯಲ್ಲಿ ಕೂದಲನ್ನು ಗಟ್ಟಿಯಾಗಿ ಹಿಡಿದಿರಿ, ಆಗ ಜಗ್ಗು ಬುಡಕ್ಕೆ ತಾಗುವುದಿಲ್ಲ. ಬಿಟ್ಟಂತೆಲ್ಲ ಮೇಲಕ್ಕೆ ಹೋಗಿ. ಗುಂಗುರು ಕೂದಲಿನವರು ಮಾತ್ರ ತಲೆಯಲ್ಲಿ ಕಂಡೀಷನರ್ ಇರುವಾಗಲೇ ಸಿಕ್ಕು ಬಿಡಿಸಿಕೊಳ್ಳಿ.

ಶಾಲೆಗೆ ಹೋಗುವ ಹೆಣ್ಣುಮಕ್ಕಳ ಅಮ್ಮಂದಿರೇ, ಎರಡು ಜಡೆಯನ್ನು ಅಷ್ಟು ಬಿಗಿಯಬೇಡಿ. ವರ್ಷಗಟ್ಟಲೆ ಎಳೆದರೆ ಹಣೆಯ ಅಂಚು, ಕಿವಿಯ ಮೇಲ್ಭಾಗ ತೆಳ್ಳಗಾಗುತ್ತದೆ. ಕೆಲವರಿಗೆ ಅಲ್ಲಿ ಮತ್ತೆ ಹುಟ್ಟುವುದೇ ಇಲ್ಲ.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆ ಒಳ್ಳೆಯದೇ. ಅದು ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿ. ಬೋಳು ಜಾಗದಲ್ಲಿ ಕೂದಲು ಹುಟ್ಟಿಸುತ್ತೇವೆ ಅನ್ನುವ ಎಣ್ಣೆಗಳಿಗೆ ದುಡ್ಡು ಸುರಿಯಬೇಡಿ. ತಲೆಹೊಟ್ಟು ಇದ್ದರಂತೂ ಎಣ್ಣೆ ದೂರ ಇಡಿ, ಹೊಟ್ಟಿನ ಹಿಂದಿರುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಆ ಶಿಲೀಂಧ್ರವನ್ನು ಹತ್ತಿಕ್ಕುವ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ ಬುಡಕ್ಕೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಎರಡರಿಂದ ನಾಲ್ಕು ವಾರ ಮಾಡಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಕಡೂರು, ಅರಸೀಕೆರೆ ಕಡೆಗೆ ಮದುವೆಯಾಗಿ ಹೋದ ನಮ್ಮ ಹುಡುಗಿಯರ ಕಷ್ಟ ಬೇರೆ. ಬೋರ್‌ವೆಲ್ಲಿನ ಗಡಸು ನೀರಿಗೆ ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ, ಒಣಗಿದ ಕೂದಲಲ್ಲಿ ಬೆರಳು ಜಾರುವುದಿಲ್ಲ. ನೀರು ಕುದಿಸಿ ಆರಲು ಬಿಟ್ಟರೆ ಬಿಳಿ ಪುಡಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಕೊನೆಯ ಎರಡು ಚೊಂಬಿಗೆ ಎತ್ತಿಟ್ಟುಕೊಳ್ಳಿ, ಅದಕ್ಕೆ ನಾಲ್ಕು ಹನಿ ನಿಂಬೆರಸ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಜಿಲ್ಲೆಯವರು ಕೇಳಲು ಒಪ್ಪದ ಮಾತೊಂದಿದೆ. ಊಟ ಆದ ತಕ್ಷಣ ಕಾಫಿ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಕೂದಲೂ ಉದುರಬಹುದು. ಕಾಫಿ ಬಿಡಿ ಅನ್ನುತ್ತಿಲ್ಲ, ನಡುವೆ ಒಂದು ಗಂಟೆ ಬಿಡಿ. ಹುರುಳಿ ಸಾರು, ಸೊಪ್ಪಿನ ಪಲ್ಯ ಮಾಡಿದ ದಿನ ಮೇಲಿಂದ ನಿಂಬೆಹಣ್ಣು ಹಿಂಡಿಕೊಳ್ಳಿ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾಗಿ ಮೂರು ತಿಂಗಳ ಹೊತ್ತಿಗೆ, ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಉದುರುವುದೂ ಉಂಟು. ಹೆಚ್ಚಿನವರಿಗೆ ತಿರುಗಿ ಬರುತ್ತದೆ, ಹೆದರಬೇಡಿ. ಆರು ತಿಂಗಳಾದರೂ ನಿಲ್ಲದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ದುಂಡಗೆ ಬೋಳಾದ ಜಾಗ ಕಂಡರೆ, ಬುಡದಲ್ಲಿ ನೋವು, ಕೀವು ಇದ್ದರೆ ಪಾರ್ಲರ್‌ಗೂ ಬರಬೇಡಿ, ಈರುಳ್ಳಿ ರಸ ಹಚ್ಚಿಕೊಂಡೂ ಕೂರಬೇಡಿ. ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಅದೇ ವಾರ ಚರ್ಮದ ಡಾಕ್ಟರಿಗೆ ತೋರಿಸಿ.