ಉಬ್ಬು ಕೆತ್ತನೆಗೆ ನಾನು ಆರಿಸಿಕೊಂಡ ಸಾಫ್ಟ್‌ವೇರ್

ದೇವರ ಮನೆ ಬಾಗಿಲಿಗೆ ಗಜಲಕ್ಷ್ಮಿ ಬೇಕು, ದಶಾವತಾರ ಬೇಕು ಅಂತ ಕೇಳುವವರು ಬೆಂಗಳೂರಿನಲ್ಲಿ ಜಾಸ್ತಿ. ನಾನು ಕಂಪ್ಯೂಟರಿನಲ್ಲಿ ಮೂರ್ತಿ ತಿದ್ದುತ್ತೇನೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಅದನ್ನು ತೇಗದ ಹಲಗೆಯಲ್ಲಿ ಕೆತ್ತುತ್ತದೆ. ಯಾವ ಸಾಫ್ಟ್‌ವೇರ್ ಕಲಿಯಲಿ ಎಂದು ಕೇಳುವ ಹುಡುಗರಿಗೆ ನಾನು ಮೊದಲು ಕೇಳುವುದು ಒಂದೇ: ಕೊನೆಗೆ ಕೆತ್ತುವ ಬಿಟ್, ಅಂದರೆ ಯಂತ್ರದ ತಿರುಗುವ ಉಳಿ, ಯಾವುದು?

ಮೂರು ಆಕ್ಸಿಸ್ (ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಮಾತ್ರ ಸರಿಯುವ) ರೌಟರಿನ ಬಿಟ್ ಮೇಲಿನಿಂದ ನೇರ ಇಳಿಯುತ್ತದೆ. ಕಿವಿಯ ಹಿಂದೆ, ತೋಳಿನ ಕೆಳಗೆ ಅದು ಹೋಗುವುದಿಲ್ಲ. ತುದಿ 1 ಮಿ.ಮೀ. ಇದ್ದರೆ ಅದಕ್ಕಿಂತ ಕಿರಿದಾದ ಗೀರು ಬೀಳುವುದಿಲ್ಲ. ಸಾಲಿನಿಂದ ಸಾಲಿಗೆ 0.1 ಮಿ.ಮೀ. ಸರಿದರೂ 300 ಮಿ.ಮೀ. ಅಗಲದ ಹಲಗೆಗೆ 3,000 ಸಾಲು. ಅದಕ್ಕಿಂತ ನವಿರಾಗಿ ತಿದ್ದಿದ್ದು ಮರಕ್ಕೆ ಬರುವುದೇ ಇಲ್ಲ, ಅಲ್ವಾ?

ಮೂರ್ತಿ ತಿದ್ದುವ ಸಾಫ್ಟ್‌ವೇರ್ ಝಡ್‌ಬ್ರಷ್ ಕೋಟಿಗಟ್ಟಲೆ ಪಾಲಿಗನ್ (ಮೂರ್ತಿಯ ಮೇಲ್ಮೈ ಕಟ್ಟುವ ಪುಟ್ಟ ಚೂರುಗಳು) ಎತ್ತುತ್ತದೆ, ಬ್ರಷ್‌ಗಳೂ ಬಹಳ ಚೆನ್ನಾಗಿವೆ. ಸಿನಿಮಾ ಕೆಲಸದವರಿಗೆ ಅದು ಬೇಕು. ಹಲಗೆ ಕೆಲಸಕ್ಕೆ ಅಷ್ಟು ಬೇಡ, ಮೇಲಾಗಿ ಈಗ ಚಂದಾ ಕಟ್ಟುತ್ತಲೇ ಇರಬೇಕು. ನಾನು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ನೆಲೆ ನಿಂತೆ. ಉಚಿತ ಅನ್ನುವುದೊಂದೇ ಕಾರಣ ಅಲ್ಲ. ಆಳವನ್ನು ಭಾಗ ಭಾಗವಾಗಿ ಕುಗ್ಗಿಸಲು ಅದರಲ್ಲಿ ಸುಲಭ.

ಉಬ್ಬು ಕೆತ್ತನೆಯ ಜೀವ ಇರುವುದು ಅಲ್ಲೇ. ಪೂರ್ತಿ ಮೂರ್ತಿಯನ್ನು ಒಂದೇ ಲೆಕ್ಕದಲ್ಲಿ 12 ಮಿ.ಮೀ.ಗೆ ಒತ್ತಿದರೆ ಹೊಟ್ಟೆ, ಮೂಗು, ಸರದ ಮಣಿ ಎಲ್ಲ ಒಂದೇ ಸಮ ಚಪ್ಪಟೆಯಾಗುತ್ತವೆ. ಮಣಿ ಕಾಣಿಸುವುದೇ ಇಲ್ಲ. ಅದಕ್ಕೇ ಮೈ, ತೋಳು, ಒಡವೆಗಳನ್ನು ಬೇರೆ ಬೇರೆ ಆಬ್ಜೆಕ್ಟ್ ಆಗಿ ಇಡುತ್ತೇನೆ. ಮೈಯನ್ನು ಜಾಸ್ತಿ ಒತ್ತುತ್ತೇನೆ, ಒಡವೆಯನ್ನು ಸ್ವಲ್ಪವೇ. ಆಮೇಲೆ ಎಲ್ಲ ಸೇರಿಸಿ, ರೀಮೆಶ್ ಮಾಡಿ (ಎಲ್ಲವನ್ನೂ ಒಂದೇ ಮೇಲ್ಮೈಯಾಗಿ ಮತ್ತೆ ಹೆಣೆದು), ಒಂದರ ಮೇಲೊಂದು ಬರುವ ಅಂಚುಗಳನ್ನು ಮತ್ತೆ ಕಡಿಯುತ್ತೇನೆ. ಹಲಸೂರು ಸೋಮೇಶ್ವರ ದೇವಸ್ಥಾನದ ಹೊರಗೋಡೆಯ ಶಿಲ್ಪಗಳ ಮುಂದೆ ನಿಂತು ಅಂಚುಗಳನ್ನೇ ನೋಡಿ. ನೆರಳು ಹುಟ್ಟುವುದು ಅಲ್ಲಿ. ಇದನ್ನು ಯಾವ ಬಟನ್ನೂ ಮಾಡಿಕೊಡುವುದಿಲ್ಲ.

ಇನ್ನೊಂದು ಮಾತು. ಮ್ಯಾಟ್‌ಕ್ಯಾಪ್ (ಬೆಳಕು-ನೆರಳನ್ನು ಮೊದಲೇ ಬಳಿದಿಟ್ಟ ತೋರಿಕೆ) ಹಾಕಿಕೊಂಡು ಕೆಲಸ ಮಾಡಿದರೆ ಇಲ್ಲದ ಆಳ ಕಾಣುತ್ತದೆ. ನಾನು ಸಾಫ್ಟ್‌ವೇರಿನಲ್ಲೇ ಒಂದೇ ದೀಪವನ್ನು ಪಕ್ಕದಿಂದ ಓರೆಯಾಗಿ ಇಟ್ಟು, ಎದುರಿನಿಂದ ಆರ್ಥೋಗ್ರಾಫಿಕ್ (ದೂರದ್ದನ್ನು ಚಿಕ್ಕದಾಗಿ ತೋರಿಸದ) ಕ್ಯಾಮೆರಾದಲ್ಲಿ ನೋಡುತ್ತೇನೆ. ಮನೆಯಲ್ಲಿ ಬಾಗಿಲ ಮೇಲೆ ಬೀಳುವ ಬೆಳಕೂ ಹೆಚ್ಚುಕಡಿಮೆ ಹಾಗೆಯೇ.

ತೇಗ ದುಬಾರಿ, ಆದ್ದರಿಂದ ಮೊದಲು ಮಾದರಿ. ತ್ರೀಡಿ ಪ್ರಿಂಟರಿನಲ್ಲಿ ಹಲಗೆಯನ್ನು ಮಲಗಿಸಿ ಪ್ರಿಂಟ್ ಮಾಡಬೇಡಿ. 0.2 ಮಿ.ಮೀ. ಪದರಗಳು ಕೆನ್ನೆಯ ಮೇಲೆ ಮೆಟ್ಟಿಲಾಗಿ ಕಾಣುತ್ತವೆ. ನೇರ ನಿಲ್ಲಿಸಿ ಮಾಡಿದರೆ ಉಬ್ಬುತಗ್ಗು ನಯವಾಗಿ ಬರುತ್ತದೆ. ಮುಖವೊಂದನ್ನು ಮಾತ್ರ ಅದೇ ಬಿಟ್‌ನಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಿನ ಮೇಲೆ ಕೆತ್ತಿಸಿ ನೋಡುತ್ತೇನೆ, ಗಿರಾಕಿಗೂ ಅದನ್ನೇ ಕೈಗೆ ಕೊಡುತ್ತೇನೆ.

ಟ್ಯಾಬ್ಲೆಟ್ ಇರುವವರು ಮೊದಲ ಕರಡಿಗೆ ನೋಮ್ಯಾಡ್ ಸ್ಕಲ್ಪ್ಟ್ ಆ್ಯಪ್ ಧಾರಾಳವಾಗಿ ಬಳಸಬಹುದು. ಬಿಟ್ ಓಡುವ ದಾರಿಯನ್ನು ವರ್ಕ್‌ಶಾಪಿನವರು ಆಸ್ಪೈರ್ ಅಥವಾ ಕಾರ್ವೆಕೋ ಎಂಬ ಸಾಫ್ಟ್‌ವೇರಿನಲ್ಲಿ ಹಾಕಿಕೊಳ್ಳುತ್ತಾರೆ. ಅವರಿಗೆ ಎಸ್‌ಟಿಎಲ್ ಫೈಲ್ (ಮೂರ್ತಿಯ ತ್ರೀಡಿ ಆಕಾರ ಇರುವ ಫೈಲ್) ಕೊಡುವಾಗ ಉದ್ದ, ಅಗಲ, ಆಳವನ್ನು ಮಿ.ಮೀ.ನಲ್ಲಿ ಫೈಲಿನ ಹೆಸರಿನಲ್ಲೇ ಬರೆಯಿರಿ. ಎಸ್‌ಟಿಎಲ್‌ನಲ್ಲಿ ಬರೀ ಅಂಕಿ ಇರುತ್ತದೆ, ಅದು ಮಿ.ಮೀ. ಅಂತಲೋ ಇಂಚು ಅಂತಲೋ ಇರುವುದಿಲ್ಲ.