ನೊರೆಯಿಲ್ಲದ ತಲೆಸ್ನಾನ

ಕೂದಲಿನ ಮಾತಿಗೆ ಮೊದಲು ಬಚ್ಚಲಿನ ನೆಲದ ಮಾತು ಹೇಳಿಬಿಡುತ್ತೇನೆ. ಶ್ಯಾಂಪೂ ಆದ ಮೇಲೆ ಕೂದಲು ಮೆದುವಾಗಲು ಹಚ್ಚುವ ಕಂಡೀಷನರ್ ಇದೆಯಲ್ಲ, ಶ್ಯಾಂಪೂ ಬಿಟ್ಟು ಅದೊಂದನ್ನೇ ಹಾಕಿ ತಲೆ ತೊಳೆದ ಮೊದಲ ದಿನವೇ ನಾನು ಜಾರಿದೆ. ನಲ್ಲಿ ಕೈಗೆ ಸಿಕ್ಕಿತು, ಸೊಂಟ ಉಳಿಯಿತು. ನಮ್ಮದು ಉಡುಪಿಯ ಹಳೆಯ ಮನೆ. ಬಚ್ಚಲಿನ ಕೆಂಪು ಗಾರೆ ನೆಲ ಮೂರು ತಲೆಮಾರಿನವರು ತುಳಿದು ಕನ್ನಡಿಯಂತೆ ನುಣುಪಾಗಿದೆ. ಶ್ಯಾಂಪೂ ನೀರಿನೊಂದಿಗೆ ಹರಿದುಹೋಗುತ್ತದೆ. ಕಂಡೀಷನರ್ ಹಾಗಲ್ಲ, ಅದರಲ್ಲಿರುವ ಮೇಣದಂಥ ಅಂಶ ನೆಲಕ್ಕೆ ತೆಳ್ಳಗೆ ಅಂಟಿಕೊಂಡು ನಿಮ್ಮ ನಂತರ ಸ್ನಾನಕ್ಕೆ ಹೋದವರನ್ನೂ ಬೀಳಿಸುತ್ತದೆ. ಅರವತ್ತು ದಾಟಿದವರು ಸ್ಟೂಲಿನ ಮೇಲೆ ಕುಳಿತೇ ತಲೆ ತೊಳೆಯಿರಿ. ಮುಗಿದ ಮೇಲೆ ನೆಲಕ್ಕೆ ಪಾತ್ರೆ ತೊಳೆಯುವ ದ್ರವ ನಾಲ್ಕು ತೊಟ್ಟು ಹಾಕಿ, ಒಂದು ಚೊಂಬು ಬಿಸಿನೀರು ಸುರಿದು, ಹಿಡಿಸೂಡಿಯಿಂದ ತಿಕ್ಕಿ ಹೊರಗೆ ಬನ್ನಿ. ಇದನ್ನು ಮಾಡಲು ಸೋಮಾರಿತನ ಇದ್ದವರು ಮುಂದೆ ಓದಬೇಕಾಗಿಲ್ಲ, ಶ್ಯಾಂಪೂವೇ ಅವರಿಗೆ ಕ್ಷೇಮ.

ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಮನೆಯವರು ಕೇಳಿದರು. ನನಗೀಗ 68. ಮಣಿಪಾಲದಲ್ಲಿ ಓದುವ ಮೊಮ್ಮಗಳದ್ದು ಗುಂಗುರು ಕೂದಲು, ನನ್ನ ಅತ್ತೆಯ ಕಡೆಯಿಂದ ಬಂದದ್ದು. ಒಂದು ಶನಿವಾರ ಹಾಸ್ಟೆಲಿನಿಂದ ಬಂದವಳ ಚೀಲದಲ್ಲಿ ಕಂಡೀಷನರ್ ಬಾಟಲಿ ಮಾತ್ರ ಇತ್ತು. ಶ್ಯಾಂಪೂ ಮರೆತು ಬಂದೆಯಾ ಎಂದೆ. ಇಲ್ಲ ಅಜ್ಜಿ, ಇದರಲ್ಲೇ ತೊಳೆಯುವುದು ಎಂದಳು. ತುಪ್ಪ ಹಾಕಿ ಜಿಡ್ಡಿನ ಕೈ ತೊಳೆದ ಹಾಗಾಯಿತಲ್ಲ ಮಾರಾಯ್ತಿ ಎಂದು ನಕ್ಕೆ. ಅವಳ ತಲೆ ಒಣಗಿದ ಮೇಲೆ ನೋಡಿದರೆ, ಪ್ರತಿ ಸಲ ಹುಲ್ಲಿನ ಮೆದೆಯಂತೆ ಎದ್ದು ನಿಲ್ಲುತ್ತಿದ್ದ ಕೂದಲು ಸುರುಳಿ ಸುರುಳಿಯಾಗಿ ಇಳಿಬಿದ್ದಿತ್ತು. ನನ್ನದೋ, ನರೆತ ಮೇಲೆ ತೆಂಗಿನ ನಾರಿಗೂ ಅದಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ವಯಸ್ಸಾದಂತೆ ನೆತ್ತಿಯ ಜಿಡ್ಡು ಕಡಿಮೆಯಾಗುತ್ತದೆ. ಇರುವ ಚೂರನ್ನೂ ಶ್ಯಾಂಪೂ ಕಿತ್ತುಕೊಂಡರೆ ಉಳಿಯುವುದು ನಾರೇ.

ನಕ್ಕದ್ದು ತಪ್ಪಾಯಿತು ಎಂದು ಹೊಳೆದದ್ದು ಆ ರಾತ್ರಿ, ತವರು ನೆನಪಾದಾಗ. ನನ್ನ ತವರು ಕೆಮ್ಮಣ್ಣಿನ ಕಡೆ. ಸ್ವರ್ಣಾ ನದಿ ಕಡಲು ಸೇರುವ ಅಳಿವೆ ಅಲ್ಲಿಂದ ದೂರವಿಲ್ಲ. ಏಪ್ರಿಲ್, ಮೇ ಬಂತೆಂದರೆ ನಮ್ಮ ಬಾವಿಯ ನೀರು ಉಪ್ಪಾಗುತ್ತಿತ್ತು. ಆ ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ, ಒಡೆದ ಹಾಲಿನಂಥ ಬಿಳಿ ಚರಟ ಕೂದಲಿಗೆ ಮೆತ್ತಿಕೊಳ್ಳುತ್ತಿತ್ತು. ಆಗ ಅಮ್ಮ ಅಂಗಳದ ಬಿಳಿ ದಾಸವಾಳದ ಎಲೆಗಳನ್ನು ಎರಡು ಮುಷ್ಟಿ ಕೊಯ್ದು, ನೀರಿನಲ್ಲಿ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ ಗೊಂಪು ಮಾಡುತ್ತಿದ್ದರು. ಹಸಿರು ಲೋಳೆ. ನೊರೆ ಎಂಬುದರ ಸುಳಿವೇ ಇಲ್ಲ. ಅದನ್ನು ತಲೆಗೆ ಸುರಿದು ಬೆರಳುಗಳಿಂದ ಬುಡ ತಿಕ್ಕಿ ತಿಕ್ಕಿ, ನನಗೆ ಅಳು ಬರುವವರೆಗೂ ತಿಕ್ಕಿ, ಹಂಡೆಯ ನೀರು ಹೊಯ್ಯುತ್ತಿದ್ದರು. ಒಣಗಿದ ಮೇಲೆ ಬಾಚಣಿಗೆ ಒಂದೇ ಎಳೆತಕ್ಕೆ ಕೆಳಗಿಳಿಯುತ್ತಿತ್ತು. ಸೀಗೆಕಾಯಿ, ಅಂಟುವಾಳ ಎಣ್ಣೆಸ್ನಾನದ ದಿನಕ್ಕೆ ಮೀಸಲು. ವಾರದ ನಡುವೆ ಬೆವರು, ಧೂಳು ಹೋಗಲು ಗೊಂಪು ಸಾಕು. ಮೊಮ್ಮಗಳ ಬಾಟಲಿಯಲ್ಲಿರುವ ವಸ್ತು ಬೇರೆ, ಆದರೆ ಅದು ಕೆಲಸ ಮಾಡುವ ಬಗೆ ಗೊಂಪಿನದೇ. ತಾನು ಜಾರಿಸುತ್ತದೆ, ತಿಕ್ಕುವುದನ್ನು ಬೆರಳಿಗೆ ಬಿಡುತ್ತದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾದ್ದರಿಂದ ಬಾಟಲಿಯ ಹಿಂಬದಿಯನ್ನು ಓದದೆ ನನಗೆ ನಿದ್ದೆ ಬರುವುದಿಲ್ಲ. ಶ್ಯಾಂಪೂವಿನಲ್ಲಿ ಕೊಳೆ ತೆಗೆಯುವ ಸಲ್ಫೇಟುಗಳು ಋಣ ವಿದ್ಯುದಂಶ ಉಳ್ಳವು. ಒದ್ದೆ ಕೂದಲಿನ ಮೈಯೂ ಋಣವೇ, ಋಣ ಋಣವನ್ನು ದೂರ ತಳ್ಳುತ್ತದೆ. ಹಾಗಾಗಿ ಅವು ಜಿಡ್ಡನ್ನು ಹಿಡಿದುಕೊಂಡು ನೀರಿನೊಂದಿಗೆ ಹೊರಟುಹೋಗುತ್ತವೆ, ಕೂದಲಿಗೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಕಂಡೀಷನರಿನಲ್ಲಿರುವ ಬೆಹೆನ್‌ಟ್ರೈಮೋನಿಯಂ, ಸೆಟ್ರಿಮೋನಿಯಂ ಎಂಬ ಉದ್ದ ಹೆಸರಿನವು ಧನ ವಿದ್ಯುದಂಶದವು. ಕೂದಲು ಸವೆದಷ್ಟೂ ಅದರ ಋಣ ಹೆಚ್ಚು, ಹಾಗಾಗಿ ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿಗೇ ಹೋಗಿ ಹೆಚ್ಚು ಅಂಟುತ್ತವೆ. ಅವೂ ಸಾಬೂನಿನ ದೂರದ ನೆಂಟರೇ, ಅಲ್ಪಸ್ವಲ್ಪ ಜಿಡ್ಡನ್ನು ನೀರಿಗೆ ಬೆರೆಸಬಲ್ಲವು. ಆದರೆ ನೆಂಟರಿಂದ ಎಷ್ಟು ಕೆಲಸ ನಿರೀಕ್ಷಿಸಬಹುದೋ ಅಷ್ಟೇ. ಪಟ್ಟಿಯಲ್ಲಿ ಸೆಟಿಯರಿಲ್ ಆಲ್ಕೋಹಾಲ್ ಎಂಬ ಹೆಸರು ಕಂಡು ಪಕ್ಕದ ಮನೆಯಾಕೆ ಹೌಹಾರಿದರು. ಅದು ಸಾರಾಯಿಯಲ್ಲ, ಒಣಗಿಸುವುದೂ ಇಲ್ಲ. ತಾಳೆ ಎಣ್ಣೆಯಿಂದಲೋ ತೆಂಗಿನೆಣ್ಣೆಯಿಂದಲೋ ತೆಗೆದ ಬಿಳಿ ಮೇಣದಂಥ ವಸ್ತು. ನೀವು ಹುಡುಕಿ ದೂರವಿಡಬೇಕಾದದ್ದು ‘ಕೋನ್’ ಎಂದು ಕೊನೆಯಾಗುವ ಹೆಸರುಗಳನ್ನು, ಡೈಮೆಥಿಕೋನ್, ಅಮೋಡೈಮೆಥಿಕೋನ್ ಇತ್ಯಾದಿ. ಇವು ಸಿಲಿಕೋನುಗಳು. ಕೂದಲಿಗೆ ಹೊಳಪು ಕೊಡುತ್ತವೆ, ಆದರೆ ಹೆಚ್ಚಿನವು ಬರಿ ನೀರಿಗೆ ಬಿಡುವುದಿಲ್ಲ. ಶ್ಯಾಂಪೂ ಬಳಸದವರಿಗೆ ಪದರದ ಮೇಲೆ ಪದರ ಕೂತು ಒಂದೇ ತಿಂಗಳಲ್ಲಿ ಕೂದಲು ಭಾರವಾಗಿ ಜೋತುಬೀಳುತ್ತದೆ. ಅಂಗಡಿಯ ಹುಡುಗ ಕೊಟ್ಟದ್ದನ್ನು ತರಬೇಡಿ, ಕನ್ನಡಕ ಹಾಕಿಕೊಂಡು ಹೋಗಿ ಓದಿ ತನ್ನಿ.

ತೊಳೆಯುವ ಕ್ರಮದಲ್ಲಿ ಎಲ್ಲರೂ ತಪ್ಪುವುದು ನೀರು ಮತ್ತು ಸಮಯ ಎರಡರಲ್ಲೂ ಜಿಪುಣತನ ಮಾಡಿ. ಉಗುರು ಬೆಚ್ಚಗಿನ ನೀರಿನಲ್ಲಿ ತಲೆಯನ್ನು ಒಂದು ನಿಮಿಷವಾದರೂ ಪೂರ್ತಿ ನೆನೆಸಿ, ಅರ್ಧ ಧೂಳು ಅಲ್ಲೇ ಹೋಗುತ್ತದೆ. ಹೆಗಲಿನವರೆಗಿನ ಕೂದಲಿಗೆ ಎರಡು ದೊಡ್ಡ ಚಮಚ ಕಂಡೀಷನರ್, ಸೊಂಟದವರೆಗಿದ್ದರೆ ನಾಲ್ಕು. ಶ್ಯಾಂಪೂ ಮಾಡಿದ ಮೇಲೆ ತುದಿಗಷ್ಟೇ ಹಚ್ಚುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು, ಮೊದಲು ಬುಡಕ್ಕೆ, ಬೈತಲೆ ಬೈತಲೆ ತೆಗೆದು ಹಚ್ಚಬೇಕು. ಆಮೇಲೆ ಉಗುರು ತಾಗದಂತೆ ಬೆರಳಿನ ಮೆದು ತುದಿಯಿಂದ, ಕಿವಿಯ ಹಿಂದೆ, ಕತ್ತಿನ ಮೇಲೆ, ನೆತ್ತಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತ ನಾಲ್ಕೈದು ನಿಮಿಷ ತಿಕ್ಕಬೇಕು. ನೊರೆ ಬರಲಿಲ್ಲವೆಂದು ಇನ್ನಷ್ಟು ಸುರಿಯಬೇಡಿ, ನೊರೆ ಬರುವ ವಸ್ತುವೇ ಅಲ್ಲ ಅದು. ಕೈ ನೋಯಬೇಕು, ಅದೇ ಅಳತೆ. ಶ್ಯಾಂಪೂ ಎಂಬ ಶಬ್ದವೇ ನಮ್ಮ ಹಿಂದಿಯ ‘ಚಾಂಪೋ’ದಿಂದ ಇಂಗ್ಲಿಷಿಗೆ ಹೋದದ್ದು, ಅಂದರೆ ಒತ್ತು, ತಿಕ್ಕು ಎಂದು. ನೊರೆ ಅದಕ್ಕೆ ಆಮೇಲೆ ಬಂದು ಸೇರಿಕೊಂಡಿತು. ತಿಕ್ಕಿದ ಮೇಲೆ ಹಲ್ಲು ಅಗಲವಾದ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಹಂತ ಹಂತವಾಗಿ ಸಿಕ್ಕು ಬಿಡಿಸಿ, ಮೂರು ನಿಮಿಷ ಬಿಟ್ಟು ತೊಳೆಯಿರಿ. ಸಾಕು ಅನ್ನಿಸಿದ ಮೇಲೆ ಇನ್ನೂ ಒಂದು ಬಕೆಟ್ ನೀರು. ಬೆನ್ನನ್ನು ಕೊನೆಗೆ ಸಾಬೂನು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಅಲ್ಲಿ ಉಳಿದ ಜಿಡ್ಡಿನಿಂದ ಮೊಡವೆ ಏಳುತ್ತದೆ. ಮೊಮ್ಮಗಳಿಗೆ ಎದ್ದಿತ್ತು.

ಬಾಚಣಿಗೆಗೆ ಬಂದ ಕೂದಲು ನೋಡಿ ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಗುಂಗುರು ಕೂದಲಿನಲ್ಲಿ ಉದುರಿದ್ದು ಕೆಳಗೆ ಬೀಳದೆ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಮೂರು ದಿನದ್ದು ಒಟ್ಟಿಗೆ ಬಂದಾಗ ಇಲಿಯಷ್ಟು ದೊಡ್ಡ ಉಂಡೆ ಕಾಣುತ್ತದೆ.

ಇನ್ನು ನಮ್ಮ ಊರಿನ ದೊಡ್ಡ ತೊಡಕು, ಎಣ್ಣೆ. ಈ ಪದ್ಧತಿಯನ್ನು ಹೇಳಿಕೊಡುವವರಲ್ಲಿ ಹೆಚ್ಚಿನವರು ತಲೆಗೆ ತೆಂಗಿನೆಣ್ಣೆ ಹಚ್ಚುವವರಲ್ಲ. ನಾವೋ, ಮಿಲ್ಲಿನಿಂದ ತಂದ ಎಣ್ಣೆಯನ್ನು ಬಿಸಿ ಮಾಡಿ ನೆತ್ತಿಗೆ ತಟ್ಟಿಸಿಕೊಂಡು ಬೆಳೆದವರು. ದೀಪಾವಳಿಯ ನರಕ ಚತುರ್ದಶಿಯಂದು ಹಚ್ಚಿಕೊಂಡಷ್ಟು ಎಣ್ಣೆ ಹಚ್ಚಿಕೊಂಡು ಕಂಡೀಷನರ್ ಒಂದನ್ನೇ ನಂಬಿದರೆ ಏನಾಗುತ್ತದೆ ಎಂದು ನಾನೇ ಮಾಡಿ ನೋಡಿದ್ದೇನೆ. ಎರಡು ದಿನ ದಿಂಬಿನ ಹೊದಿಕೆಯಲ್ಲಿ ಹಪ್ಪಳ ಕಾಯಿಸಿದ ವಾಸನೆ. ಹಾಗೆಂದು ಎಣ್ಣೆ ಬಿಡಬೇಕಾಗಿಲ್ಲ. ತೆಂಗಿನೆಣ್ಣೆಯ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಖನಿಜ ತೈಲದ ಅಂಗಡಿ ಎಣ್ಣೆಗಳಿಗೆ ಆ ಗುಣವಿಲ್ಲ. ಆದರೆ ಪ್ರಮಾಣ ತಗ್ಗಿಸಿ. ಒಂದು ಚಮಚ ಎಣ್ಣೆ, ಹಿಂದಿನ ರಾತ್ರಿ, ತುದಿಗೆ ಹೆಚ್ಚು, ಬುಡಕ್ಕೆ ಕಡಿಮೆ. ತೊಳೆಯುವಾಗ ತಲೆಗೆ ನೀರು ಹಾಕುವ ಮೊದಲೇ, ಎಣ್ಣೆಗೂದಲಿನ ಮೇಲೆಯೇ ಕಂಡೀಷನರ್ ಹಚ್ಚಿ ಹತ್ತು ನಿಮಿಷ ಬಿಡಿ. ಎಣ್ಣೆ ಅದರೊಂದಿಗೆ ಮಜ್ಜಿಗೆಯಂತೆ ಬೆರೆತುಕೊಳ್ಳುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತ ತಿಕ್ಕಿ. ಮೊದಲೇ ನೀರು ಸುರಿದರೆ ಎಣ್ಣೆ ಒಂದು ಕಡೆ, ಕಂಡೀಷನರ್ ಒಂದು ಕಡೆ. ಇಷ್ಟು ತಿಳಿಯಲು ನನಗೆ ಎರಡು ತಿಂಗಳು ಮತ್ತು ನಾಲ್ಕು ದಿಂಬಿನ ಹೊದಿಕೆ ಬೇಕಾಯಿತು. ಪೂರ್ತಿ ಎಣ್ಣೆಸ್ನಾನದ ದಿನ ಮಾತ್ರ ಸೀಗೆಹುಡಿಯೋ ಶ್ಯಾಂಪೂವೋ ಬೇಕೇ ಬೇಕು. ಅಲ್ಲಿ ಜಾಣತನ ನಡೆಯುವುದಿಲ್ಲ.

ನನ್ನ ಲೆಕ್ಕದಲ್ಲಿ ಎರಡು ಸಲ ಕಂಡೀಷನರಿನಿಂದ ತೊಳೆದರೆ ಮೂರನೆಯ ಸಲ ಮೆದು ಶ್ಯಾಂಪೂ. ಮೊಮ್ಮಗಳು ಇದನ್ನು ಒಪ್ಪುವುದಿಲ್ಲ, ಶ್ಯಾಂಪೂವನ್ನು ಪೂರ್ತಿ ಬಿಟ್ಟವರೂ ಇದ್ದಾರೆ ಎನ್ನುತ್ತಾಳೆ. ಇರಬಹುದು, ಅವರು ಮೇ ತಿಂಗಳಲ್ಲಿ ಮಲ್ಪೆಗೆ ಬಸ್ಸಿನಲ್ಲಿ ನಿಂತು ಹೋಗಿ ಬರಲಿ, ಆಮೇಲೆ ಮಾತನಾಡೋಣ. ಕರಾವಳಿಯ ಬೆವರಿಗೆ ಬೇರೆಯದೇ ಹಟ ಇದೆ. ತಲೆಯಲ್ಲಿ ಹೊಟ್ಟು ಇರುವವರಂತೂ ಇದರ ತಂಟೆಗೆ ಹೋಗಬಾರದು. ಹೊಟ್ಟಿನ ಹಿಂದೆ ಇರುವುದು ನೆತ್ತಿಯ ಜಿಡ್ಡನ್ನೇ ತಿಂದು ಬದುಕುವ ಮಲಸೀಜಿಯಾ ಎಂಬ ಶಿಲೀಂಧ್ರ. ಜಿಡ್ಡನ್ನು ಉಳಿಸಿಕೊಟ್ಟರೆ ಅದಕ್ಕೆ ಊಟ ಹಾಕಿದ ಹಾಗೆ. ಅವರಿಗೆ ಆ ಶಿಲೀಂಧ್ರವನ್ನು ತಗ್ಗಿಸುವ ಕೀಟೋಕೊನಝೋಲ್‌ನಂಥ ಔಷಧಿ ಇರುವ ಶ್ಯಾಂಪೂವೇ ದಾರಿ, ಕಡಿಮೆಯಾಗದಿದ್ದರೆ ಚರ್ಮದ ವೈದ್ಯರು. ನೇರವಾಗಿ, ತೆಳ್ಳಗೆ ಇರುವ ಕೂದಲಿನವರಿಗೂ ಇದು ಹೊಂದುವುದಿಲ್ಲ, ತಲೆ ಎಮ್ಮೆ ನೆಕ್ಕಿದಂತೆ ಕಾಣುತ್ತದೆ. ದಿನವಿಡೀ ಹೆಲ್ಮೆಟ್ ಹಾಕುವ ನನ್ನ ಮಗನಿಗೆ ಎರಡೇ ವಾರದಲ್ಲಿ ತುರಿಕೆ ಶುರುವಾಯಿತು, ಬಿಡಿಸಿದೆ.

ಮಳೆಗಾಲದಲ್ಲಿ, ಅಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ, ಬಟ್ಟೆಯೇ ಒಣಗದ ಊರಿನಲ್ಲಿ ಕೂದಲು ಒಣಗುವುದುಂಟೇ? ಸಂಜೆ ತೊಳೆದು ಒದ್ದೆ ತುರುಬು ಕಟ್ಟಿ ಮಲಗಿದರೆ ಬೆಳಿಗ್ಗೆ ಮುಗ್ಗು ವಾಸನೆ ಖಂಡಿತ. ಬೆಳಿಗ್ಗೆಯೇ ತೊಳೆಯಿರಿ. ದಪ್ಪ ಟವೆಲಿನಿಂದ ಉಜ್ಜದೆ ಹಳೆಯ ಹತ್ತಿ ಬೈರಾಸಿನಲ್ಲಿ ಹಿಂಡಿ ನೀರು ತೆಗೆದು ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ಬೇಸಗೆಯಲ್ಲಿ ಬೇರೆ ಕಷ್ಟ. ಬಜೆ ಅಣೆಕಟ್ಟಿನಲ್ಲಿ ನೀರು ತಗ್ಗಿ ನಲ್ಲಿಯ ನೀರಿಗೆ ಕಾಯುವ ದಿನಗಳು ಬಂದರೆ, ಹೆಚ್ಚುವರಿ ಬಕೆಟ್ ಕೇಳುವ ಈ ಸ್ನಾನವನ್ನು ನಾನು ನಿಲ್ಲಿಸುತ್ತೇನೆ. ತೊಳೆದ ನೀರನ್ನು ಬಸಳೆ ಚಪ್ಪರದ ಬುಡಕ್ಕೆ ಬಿಡುವುದನ್ನೂ ನಿಲ್ಲಿಸಿದ್ದೇನೆ. ಗೊಂಪಿನ ನೀರಾದರೆ ಅದು ಕುಡಿಯಲಿ, ಇದು ಬೇಡ.

ಖರ್ಚನ್ನೂ ಹೇಳಬೇಕಲ್ಲ. ಎರಡು ದೊಡ್ಡ ಚಮಚ ಎಂದರೆ 30 ಮಿಲಿಲೀಟರ್. 180 ಮಿಲಿಲೀಟರಿನ ಬಾಟಲಿ ಆರು ಸ್ನಾನಕ್ಕೆ ಖಾಲಿ. ಅಷ್ಟೇ ಶ್ಯಾಂಪೂ ಇದ್ದರೆ ನಾನು ನಾಲ್ಕು ತಿಂಗಳು ತಳ್ಳುತ್ತಿದ್ದೆ. ಅದಕ್ಕೇ ನನ್ನ ಪಾಳಿಯಲ್ಲಿ ಶ್ಯಾಂಪೂ ಇಲ್ಲದ ಆ ಎರಡು ಸಲಗಳಲ್ಲಿ ಒಂದು ಸಲ ಬಾಟಲಿ, ಒಂದು ಸಲ ದಾಸವಾಳದ ಗೊಂಪು. ಎಲೆಗೆ ದುಡ್ಡಿಲ್ಲ, ಬಚ್ಚಲಿನ ಕೊಳವೆಗೆ ಎಲೆಯ ಚೂರು ಹೋಗದಂತೆ ಚೆನ್ನಾಗಿ ಸೋಸಿದರಾಯಿತು.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಒಂದು ಉಪಕಾರದ ಮಾತು. ಹೇನು ತೆಗೆಯಲು ಕಂಡೀಷನರಿನಷ್ಟು ಒಳ್ಳೆಯ ಜೊತೆಗಾರ ಇಲ್ಲ. ಒದ್ದೆ ತಲೆಗೆ ಧಾರಾಳವಾಗಿ ಹಚ್ಚಿದರೆ ಹೇನು ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಓಡಲಾರದೆ ನಿಲ್ಲುತ್ತದೆ. ಆಗ ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆ ಎಳೆಯಾಗಿ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆದು ಮರಿಯಾಗಲು ವಾರ ಹತ್ತು ದಿನ ಬೇಕು, ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವಾರ ಬಿಡದೆ ಮಾಡಬೇಕು. ಒಂದೇ ದಿನ ಮಾಡಿ ಗೆದ್ದೆ ಎಂದುಕೊಂಡವರ ಮನೆಗೆ ಅದು ಸಂಸಾರ ಸಮೇತ ಮರಳುತ್ತದೆ.

ಕೊನೆಗೆ, ಮದುವೆ ಮುಂಜಿಗೆ ಹೊರಡುವ ಬೆಳಿಗ್ಗೆ ಮಾತ್ರ ಕಂಡೀಷನರ್ ಮುಟ್ಟಬೇಡಿ. ಕಳೆದ ವರ್ಷ ಕಾಪುವಿನಲ್ಲಿ ಒಂದು ಮದುವೆ. ಶಂಕರಪುರ ಮಲ್ಲಿಗೆ ಒಂದು ಚೆಂಡು ತರಿಸಿದ್ದೆ, ಮುಹೂರ್ತದ ದಿನದ ದರ ನಿಮಗೆ ಗೊತ್ತಲ್ಲ. ಹಾರಕ್ಕೆ ಹಿಡಿತವೇ ಸಿಗದಷ್ಟು ನುಣುಪಾಗಿತ್ತು ನನ್ನ ತುರುಬು. ಎರಡು ಹೇರ್‌ಪಿನ್ ಕೂಡ ಉಳಿಯಲಿಲ್ಲ. ಧಾರೆ ಮುಗಿಯುವಷ್ಟರಲ್ಲಿ ಮಲ್ಲಿಗೆ ಜಾರಿ ಕುರ್ಚಿಯ ಹಿಂದೆ ಬಿದ್ದು ಯಾರದೋ ಚಪ್ಪಲಿಗೆ ಸಿಕ್ಕಿತ್ತು. ಈಗ ಅಂಥ ಸಮಾರಂಭವಿದ್ದರೆ ಎರಡು ದಿನ ಮೊದಲೇ ಸೀಗೆಹುಡಿಯಲ್ಲಿ ತೊಳೆದು ಬಿಡುತ್ತೇನೆ. ಕೂದಲು ಸ್ವಲ್ಪ ಒರಟಾಗಿರುತ್ತದೆ, ಮಲ್ಲಿಗೆ ಕೂರುತ್ತದೆ.